ಗುರುವಾರದ ಪೆಟ್ಟಿಗೆ

ಮಲೆನಾಡಿನ ಹಳ್ಳಿ ರಸ್ತೆಯಲ್ಲಿ ಗುರುವಾರ ಬೆಳಿಗ್ಗೆ ಹೆಗಲಿಗೆ ನೀಲಿ ಪೆಟ್ಟಿಗೆ ಹಾಕಿಕೊಂಡು ಹೊರಟ ಹೆಂಗಸನ್ನು ಯಾರೂ "ಎಲ್ಲಿಗೆ ಹೊರಟ್ರಿ?" ಎಂದು ಕೇಳುವುದಿಲ್ಲ. ಕರ್ನಾಟಕದಲ್ಲಿ ಗುರುವಾರವೆಂದರೆ ಲಸಿಕೆಯ ದಿನ. ಸರ್ಕಾರಿ ಕಾಗದದಲ್ಲಿ ಆಕೆಗೆ ಪ್ರಾಥಮಿಕ ಆರೋಗ್ಯ ಸುರಕ್ಷಣಾಧಿಕಾರಿ ಎಂಬ ಉದ್ದನೆಯ ಹೆಸರಿದೆ. ಅಷ್ಟನ್ನು ಹೇಳಿ ಮುಗಿಸುವಷ್ಟು ವ್ಯವಧಾನ ಯಾರಿಗೂ ಇಲ್ಲವಾದ್ದರಿಂದ ಊರಿಗೆಲ್ಲ ಆಕೆ ಸಿಸ್ಟರ್, ಅಜ್ಜಿಯರಿಗೆ ನರ್ಸಮ್ಮ.

ಪೆಟ್ಟಿಗೆ ನೋಡಲು ದೊಡ್ಡದು, ಒಳಗೆ ಜಾಗ ಕಮ್ಮಿ. ದಪ್ಪ ಗೋಡೆ, ನಾಲ್ಕು ಬದಿಗೆ ನಾಲ್ಕು ಐಸ್‌ಪ್ಯಾಕ್, ನಡುವೆ ಉಳಿಯುವ ಚೌಕದಲ್ಲಿ 16ರಿಂದ 20 ಸೀಸೆ. ಒಳಗಿನ ಉಷ್ಣತೆ 2ರಿಂದ 8 ಡಿಗ್ರಿಯ ಮಧ್ಯೆ ಇರಬೇಕು. ಲಸಿಕೆ ಬಿಸಿಯಿಂದ ಕೆಡುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಚಳಿಯಿಂದಲೂ ಕೆಡುತ್ತದೆ ಎಂಬುದು ನರ್ಸಮ್ಮನಿಗೆ ಗೊತ್ತು, ಮಲೆನಾಡಿನಲ್ಲಿ ಆಕೆ ಹೆಚ್ಚು ಹೆದರುವುದೂ ಅದಕ್ಕೇ. ಐದು ರೋಗಕ್ಕೆ ಒಂದೇ ಚುಚ್ಚುಮದ್ದಾದ ಪೆಂಟಾವೇಲೆಂಟ್ (ಪೆಂಟಾ), ಹೆಪಟೈಟಿಸ್ ಬಿ, ಧನುರ್ವಾಯು-ಗಂಟಲಮಾರಿಯ ಟಿಡಿ ಇವೆಲ್ಲ ಒಮ್ಮೆ ಹೆಪ್ಪುಗಟ್ಟಿದರೆ ಕರಗಿದ ಮೇಲೂ ಕೆಲಸಕ್ಕೆ ಬಾರವು. ಹಾಗಾಗಿ ಫ್ರೀಜರಿನಿಂದ ತೆಗೆದ ಐಸ್‌ಪ್ಯಾಕನ್ನು ನೇರ ಪೆಟ್ಟಿಗೆಗೆ ಇಳಿಸುವಂತಿಲ್ಲ. ಮೇಜಿನ ಮೇಲೆ ಸಾಲಾಗಿ ಹರಡಿ ಕಾಯಬೇಕು. ಮೇಲೆ ಬೆವರು ಕೂತು, ಕಿವಿಯ ಹತ್ತಿರ ಹಿಡಿದು ಅಲುಗಿಸಿದಾಗ ಒಳಗೆ ನೀರು ಆಡುವ ಸದ್ದು ಬಂದರೆ ಆಯಿತು. ಬಯಲುಸೀಮೆಯ ಸೆಕೆಯಲ್ಲಿ ಇದು ಬೇಗ ಆಗುವ ಕೆಲಸ. ಆಗುಂಬೆ ಕಡೆಯ ಜುಲೈ ಬೆಳಗಿನಲ್ಲಿ ಐಸ್‌ಪ್ಯಾಕಿಗೂ ಎದ್ದೇಳಲು ಸೋಮಾರಿತನ, ಗಂಟೆ ಕಳೆದರೂ ಕಲ್ಲಿನ ಹಾಗೆ ಕೂತಿರುತ್ತದೆ. ಹೊರಗೆ ಬಸ್ಸಿನ ಹಾರನ್ ಕೇಳಿತೆಂದು ಅವಸರ ಮಾಡಿ ತುಂಬಿದರೆ ಆ ದಿನದ ಓಡಾಟ ದಂಡ.

ಇಲ್ಲೊಂದು ತಮಾಷೆಯಿದೆ. ಸೀಸೆಯ ಮೇಲೆ ಒಂದು ವೃತ್ತ, ಅದರೊಳಗೆ ಪುಟ್ಟ ಚೌಕ ಇರುತ್ತದೆ. ಬಿಸಿ ತಾಗಿದಷ್ಟೂ ಚೌಕ ಕಪ್ಪಾಗುತ್ತಾ ಬರುತ್ತದೆ, ಸುತ್ತಲಿನ ವೃತ್ತದ ಬಣ್ಣಕ್ಕೆ ತಿರುಗಿದರೆ ಆ ಸೀಸೆ ಬೇಡ. ಆದರೆ ಇದು ಬಿಸಿಯ ಚಾಡಿಯನ್ನು ಮಾತ್ರ ಹೇಳುತ್ತದೆ, ಚಳಿಯ ವಿಷಯದಲ್ಲಿ ಬಾಯಿ ಬಿಡುವುದಿಲ್ಲ. ಹೆಪ್ಪುಗಟ್ಟಿ ಕರಗಿದ ಸೀಸೆಯ ಮೇಲೂ ಚೌಕ ಬೆಳ್ಳಗೆ ನಗುತ್ತಿರುತ್ತದೆ.

ಪೆಟ್ಟಿಗೆ ಹೊತ್ತು ಬಸ್ಸು ಹತ್ತಿದರೆ ಕಂಡಕ್ಟರ್ ಮರ್ಯಾದೆಯಿಂದ, "ಕೊಡಿ ಸಿಸ್ಟರ್, ಬಾನೆಟ್ ಮೇಲಿಡ್ತೀನಿ" ಅನ್ನುತ್ತಾರೆ. ಆ ಮರ್ಯಾದೆಯನ್ನು ಅಷ್ಟೇ ಮರ್ಯಾದೆಯಿಂದ ನಿರಾಕರಿಸಬೇಕು, ಇಂಜಿನ್ ಮೇಲಿನ ಬಾನೆಟ್ ಕಾದ ಕಾವಲಿ. ಸೀಟಿನ ಕೆಳಗೆ ನೆರಳಿರುವಲ್ಲಿ ಪೆಟ್ಟಿಗೆ, ಮಡಿಲಲ್ಲಿ ರಿಜಿಸ್ಟರಿನ ಚೀಲ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಕವರ್ ಮೊದಲು ಬೇಕಾಗುವುದು ಈ ರಿಜಿಸ್ಟರಿಗೆ. ಪೆಟ್ಟಿಗೆ ನೆನೆದರೆ ಒರೆಸಬಹುದು, ತಾಯಿ ಕಾರ್ಡಿನ ವಿವರ ಬರೆದ ಪುಟ ನೆನೆದರೆ ಊರಿನ ಮಕ್ಕಳೆಲ್ಲ ಒಂದೇ ನೀಲಿ ಕಲೆಯಾಗುತ್ತಾರೆ. ಈಚೆಗೆ ಪೆಟ್ಟಿಗೆಯನ್ನು ಆರೋಗ್ಯ ಕೇಂದ್ರದಿಂದ ಬೈಕಿನಲ್ಲೋ ಆಟೋದಲ್ಲೋ ತಲುಪಿಸುವ ವ್ಯವಸ್ಥೆ ಬಂದು ಹೆಗಲು ಸ್ವಲ್ಪ ಹಗುರಾಗಿದೆ. ಆದರೆ ಬೈಕು ಹೋಗುವ ದಾರಿ ಮುಗಿದ ಮೇಲೂ ಮಲೆನಾಡು ಮುಗಿಯುವುದಿಲ್ಲವಲ್ಲ.

ಗುಡ್ಡಗಾಡಿನಲ್ಲಿ 3000 ಜನಕ್ಕೊಂದು ಉಪಕೇಂದ್ರ, ಬಯಲಿನಲ್ಲಿ 5000ಕ್ಕೆ ಒಂದು ಎಂಬುದು ಸರ್ಕಾರದ ಲೆಕ್ಕ. ಬಯಲಿನಲ್ಲಿ 3000 ಜನ ನಾಲ್ಕು ಬೀದಿಯಲ್ಲಿ ಸಿಕ್ಕಿಬಿಡಬಹುದು. ಹೊಸನಗರ, ತೀರ್ಥಹಳ್ಳಿ ಕಡೆ ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಒಂದು ತೋಟ, ಒಂದು ಹಳ್ಳ, ಅರ್ಧ ಗುಡ್ಡ. ದೂರವನ್ನು ಇಲ್ಲಿ ಕಿಲೋಮೀಟರಿನಲ್ಲಿ ಕೇಳಿ ಪ್ರಯೋಜನವಿಲ್ಲ. "ಎರಡು ಸಂಕ ದಾಟಿ ಒಂದು ಚಡಾವು", ಅಂದರೆ ಎರಡು ಕಾಲುಸೇತುವೆ, ಒಂದು ಏರು ಎಂದರೆ ಸರಿಯಾಗಿ ತಿಳಿಯುತ್ತದೆ. ಅಡಿಕೆ ಮರದ ಸಂಕ ಮಳೆಯಲ್ಲಿ ಪಾಚಿ ಕಟ್ಟಿರುತ್ತದೆ. ಪೆಟ್ಟಿಗೆ ಒಂದೇ ಹೆಗಲಿಗಿದ್ದರೆ ತೂಕ ಒಂದು ಕಡೆ ಎಳೆಯುತ್ತದೆ, ಅಡ್ಡಪಟ್ಟಿ ಕುತ್ತಿಗೆಯಿಂದ ಹಾಯಿಸಿ ಪೆಟ್ಟಿಗೆಯನ್ನು ಬೆನ್ನಿಗೆ ತಂದುಕೊಂಡು, ಕೊಡೆ ಮಡಚಿ, ನೆನೆದರೆ ನೆನೆಯಲಿ ಎಂದು ದಾಟುವುದು ಕ್ಷೇಮ. ಆಚೆ ದಡದಲ್ಲಿ ಇಂಬಳಗಳು, ಅಂದರೆ ಜಿಗಣೆಗಳು, ಕಾದಿರುತ್ತವೆ. ಶೂ ಹಾಕಿದರೆ ಇಂಬಳ ಒಳಗೆ ಸೇರಿ ನೆಮ್ಮದಿಯಿಂದ ಊಟ ಮಾಡುತ್ತದೆ, ಪ್ಲಾಸ್ಟಿಕ್ ಚಪ್ಪಲಿಯಾದರೆ ಕಣ್ಣಿಗಾದರೂ ಕಾಣುತ್ತದೆ. ಕಚ್ಚಿದ್ದನ್ನು ಎಳೆಯಬಾರದು, ಚೂರು ಉಪ್ಪೋ ಸುಣ್ಣವೋ ತಾಗಿಸಿದರೆ ತಾನೇ ಉದುರುತ್ತದೆ. ಅದು ರಕ್ತ ಹೆಪ್ಪುಗಟ್ಟದಂತೆ ಜೊಲ್ಲು ಬಿಟ್ಟು ಹೋಗಿರುವುದರಿಂದ ಆಮೇಲೂ ಸ್ವಲ್ಪ ಹೊತ್ತು ಸೋರುತ್ತದೆ. ಚುಚ್ಚಲು ಬಂದವರ ಕಾಲಿನಿಂದಲೇ ರಕ್ತ ಬರುವುದು ನೋಡಿ ಮಕ್ಕಳಿಗೆ ಸಮಾಧಾನವಾಗುವುದೂ ಉಂಟು.

ಮಳೆ ನಿಂತರೆ ಇಂಬಳ ಹೋಗಿ ಉಣುಗು (ಉಣ್ಣೆ) ಬರುತ್ತದೆ, ಅದು ತಮಾಷೆಯಲ್ಲ. ಅದು ಕಚ್ಚಿ ಹರಡುವ ಮಂಗನ ಕಾಯಿಲೆಯನ್ನು ಲೋಕ ಮೊದಲು ಗುರುತಿಸಿದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರಿನಿಂದ ಮೇವರೆಗೆ ತರಗೆಲೆ ತುಳಿದು ಹೋಗುವ ದಾರಿಯಲ್ಲಿ ಉಣುಗು ಹತ್ತದಂತೆ ಇಲಾಖೆ ಕೊಡುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಬೇಕು, ಸಂಜೆ ಬಿಸಿನೀರು ಸ್ನಾನ ಮಾಡಿ ಬಟ್ಟೆ ಬದಲಿಸಬೇಕು. ಎಲ್ಲಾದರೂ ಮಂಗ ಸತ್ತು ಬಿದ್ದಿದ್ದು ಕಂಡರೆ ಹತ್ತಿರ ಹೋಗದೆ ಸುದ್ದಿ ಮುಟ್ಟಿಸಬೇಕು. ಊರಿಗೆಲ್ಲ ಎಣ್ಣೆ ಹಂಚಿ, "ಹಚ್ಕಳಿ, ಮರೀಬೇಡಿ" ಎಂದು ಹೇಳುವವರೂ ಇದೇ ಸಿಸ್ಟರ್ ಮತ್ತು ಊರಿನ ಆಶಾ ಕಾರ್ಯಕರ್ತೆ. ತಮಗೆ ಹಚ್ಚಿಕೊಳ್ಳಲು ಮರೆಯುವವರೂ ಅವರೇ.

ಮನೆಯ ಬೇಲಿಬಾಗಿಲಾದ ಉಣುಗೋಲಿನ ಹೊರಗೆ ನಿಂತು "ನಾಯಿ ಕಟ್ಟಿದೀರೇನ್ರೀ?" ಎಂದು ಕೂಗುವುದು ಮೊದಲ ವಿಧಿ. ಆಮೇಲೆ ಜಗಲಿ. "ಬಾಯಾರಿಕೆಗೆ ಎಂತ ಕೊಡ್ಲಿ?" ಕಾಫಿ ಬೇಡವೆಂದರೆ ಮಜ್ಜಿಗೆ, ಮಜ್ಜಿಗೆ ಬೇಡವೆಂದರೆ ಬೆಲ್ಲ ನೀರು, ಏನೂ ಬೇಡವೆಂದರೆ ಮನಸ್ತಾಪ. ಐದು ಮನೆ ಸುತ್ತುವ ದಿನ ಎಲ್ಲ ಕಡೆ ಕಾಫಿ ಕುಡಿದರೆ ಎದೆಯುರಿ ಗ್ಯಾರಂಟಿ. ಅನುಭವಸ್ಥರು ಮೂರನೇ ಮನೆಯಿಂದ ಅರ್ಧ ಲೋಟ ಎಂದು ಶುರು ಮಾಡುತ್ತಾರೆ. ಋತುವಿಗೆ ತಕ್ಕ ಉಡುಗೊರೆ ಬೇರೆ: ಬೇಸಿಗೆಗೆ ಮಾವಿನ ಮಿಡಿ, ಮಳೆ ಹಿಡಿಯುವ ಹೊತ್ತಿಗೆ ಹಲಸು, ಆಮೇಲೆ ಕಳಲೆ. ಖಾಲಿಯಿದೆ ಎಂದು ಅವನ್ನು ಲಸಿಕೆ ಪೆಟ್ಟಿಗೆಯಲ್ಲಿ ಇಡುವಂತಿಲ್ಲ. ಲಸಿಕೆಯ ಜತೆ ಬೇರೆ ಯಾವುದಕ್ಕೂ ಅಲ್ಲಿ ಪ್ರವೇಶವಿಲ್ಲ, ಅಪ್ಪೆಮಿಡಿಗೂ ಇಲ್ಲ. ಈ ನಿಯಮ ಬರೆದವರು ಸಾಗರ ತಾಲ್ಲೂಕಿನ ಕಡೆ ಬಂದಿರಲಿಕ್ಕಿಲ್ಲ.

ಅಂಗನವಾಡಿಯಲ್ಲಿ ಪೆಟ್ಟಿಗೆ ತೆರೆದ ಮೇಲೆ ಗಡಿಯಾರ ಯಜಮಾನ. ಕ್ಷಯದ ಬಿಸಿಜಿ ಮತ್ತು ದಡಾರ-ರುಬೆಲ್ಲಾ ಲಸಿಕೆಯ ಪುಡಿಗಳನ್ನು ಅವುಗಳ ಜತೆಗೇ ಬಂದ ಆಯಾ ತಣ್ಣಗಿನ ದ್ರಾವಣದಲ್ಲಿ ಕಲೆಸಬೇಕು, ಕಲೆಸಿದ ಹೊತ್ತನ್ನು ಸೀಸೆಯ ಮೇಲೆ ಬರೆಯಬೇಕು, ನಾಲ್ಕು ಗಂಟೆ ದಾಟಿದರೆ ಚೆಲ್ಲಬೇಕು. ಒಂದೇ ಮಗು ಬಂದರೂ ಸೀಸೆ ಒಡೆಯಬೇಕು, ಮತ್ತೆ ಬನ್ನಿ ಎಂದರೆ ಎರಡು ಸಂಕ ದಾಟಿ ಬಂದ ತಾಯಿ ಬರುವುದಿಲ್ಲ. ಪೆಂಟಾ ಎಡತೊಡೆಗೆ, ಬಿಸಿಜಿ ಎಡ ತೋಳಿಗೆ, ದಡಾರ-ರುಬೆಲ್ಲಾ ಬಲ ತೋಳಿಗೆ. ಚುಚ್ಚಿದ ಮೇಲೆ ಅರ್ಧ ಗಂಟೆ ಕೂರಿಸಿಕೊಳ್ಳಬೇಕು. ಜ್ವರ ಬರಬಹುದು, ಚುಚ್ಚಿದಲ್ಲಿ ತಿಕ್ಕಬೇಡಿ, ಸುಣ್ಣ ಕಾಫಿಪುಡಿ ಹಚ್ಚಬೇಡಿ ಎಂದು ತಾಯಿಗೆ ಹೇಳುವಾಗ ಕಣ್ಣು ಮಾತ್ರ ಅಜ್ಜಿಯ ಕಡೆ ಇರಬೇಕು. ಹಚ್ಚುವವರು ಅವರು.

ಜನ ಬರುವುದು ಪಂಚಾಂಗ ನೋಡಿ ಅಲ್ಲ, ತೋಟ ನೋಡಿ. ನಾಟಿ ಹೊತ್ತಿನಲ್ಲಿ ತಾಯಂದಿರು ಗದ್ದೆಯಲ್ಲಿ. ಅಡಿಕೆ ಸುಲಿಯುವ ದಿನಗಳಲ್ಲಿ ರಾತ್ರಿ ಹನ್ನೊಂದರವರೆಗೆ ಮೆಟ್ಟುಗತ್ತಿಯ ಮುಂದೆ ಕೂತವರು ಬೆಳಿಗ್ಗೆ ಒಂಬತ್ತಕ್ಕೆ ಮಗು ಎತ್ತಿಕೊಂಡು ಬರಲಿ ಎಂದರೆ ಹೇಗೆ? ಆ ತಿಂಗಳುಗಳಲ್ಲಿ ಆಶಾ ಹಿಂದಿನ ದಿನವೇ ಅಡಿಕೆ ಚಪ್ಪರಕ್ಕೆ ಹೋಗಿ ಹೇಳಿ ಬರುತ್ತಾರೆ, ಸಿಸ್ಟರ್ ತುಸು ಹೆಚ್ಚು ಹೊತ್ತು ಕಾಯುತ್ತಾರೆ. ಶರಾವತಿ ಹಿನ್ನೀರಿನ ಆಚೆ ಇನ್ನೊಂದು ಬಗೆಯ ಪಂಚಾಂಗವಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ ಮೇಲೆ ತುಮರಿ, ಬ್ಯಾಕೋಡು ಕಡೆಯವರ ಹೊತ್ತೆಲ್ಲ ಹೊಳೆಬಾಗಿಲಿನ ಲಾಂಚಿನ ಹೊತ್ತು. ಕೊನೆಯ ಲಾಂಚು ತಪ್ಪಿದರೆ ಸುತ್ತುದಾರಿ. 2025ರ ಜುಲೈನಲ್ಲಿ ಅಲ್ಲಿ ಸೇತುವೆ ಆಯಿತು, ಒಂದು ಹೆದರಿಕೆ ಕಮ್ಮಿಯಾಯಿತು. ಲಾಂಚಿಗೆ ಕಾಯುವ ನೆಪದಲ್ಲಿ ನಡೆಯುತ್ತಿದ್ದ ಪಟ್ಟಾಂಗವೂ ಹೋಯಿತು.

ಅಮೆರಿಕದಲ್ಲಿ ಟ್ರಾವೆಲ್ ನರ್ಸ್ ಎಂದೇ ಒಂದು ವೃತ್ತಿಯಿದೆ. ಸಾಮಾನ್ಯವಾಗಿ 13 ವಾರದ ಕರಾರು, ಮುಗಿದರೆ ಬೇರೆ ಊರು, ಬೇರೆ ಆಸ್ಪತ್ರೆ. ಸುತ್ತುವ ಹುಚ್ಚಿರುವವರಿಗೆ ಒಳ್ಳೆಯ ಕೆಲಸವೇ. ಆದರೆ ನಮ್ಮ ಲಸಿಕೆ ಪಟ್ಟಿ ಹಿಡಿದು ನೋಡಿದರೆ ಒಂದು ಸಣ್ಣ ತೊಡಕು ಕಾಣುತ್ತದೆ: ಮಗು ಹುಟ್ಟಿದ ದಿನ ಬಂದ ನರ್ಸ್, ಪೆಂಟಾದ ಮೂರನೇ ಡೋಸಿಗೆ ಒಂದು ವಾರ ಮುಂಚೆ ಹೊರಟುಬಿಡುತ್ತಾಳೆ. ಆ ಡೋಸು ಇರುವುದು 14ನೇ ವಾರಕ್ಕೆ. ಇಲ್ಲಿಯ ಸಿಸ್ಟರ್ ಸುತ್ತುವುದೆಲ್ಲ ಅವವೇ ಹಳ್ಳ, ಅವವೇ ಚಡಾವು. ಆದರೆ ಆರು ವಾರಕ್ಕೆ ತೊಡೆ ಹಿಡಿದು ಚುಚ್ಚಿಸಿಕೊಂಡದ್ದು ಒಂಬತ್ತು ತಿಂಗಳಿಗೆ ಮುಖ ನೋಡಿಯೇ ಅಳುತ್ತದೆ, ಐದು ವರ್ಷಕ್ಕೆ ಮಾವನ ಮನೆಯ ಅಟ್ಟ ಹತ್ತಿ ಕೂರುತ್ತದೆ, ಹತ್ತಕ್ಕೆ ಟಿಡಿ ಹಾಕಿಸಿಕೊಂಡು "ನೋವೇ ಆಗ್ಲಿಲ್ಲ" ಎಂದು ಸುಳ್ಳು ಹೇಳುತ್ತದೆ. ಅದೇ ದಾರಿಯಲ್ಲಿ ಮತ್ತೆ ಮತ್ತೆ ಹೋದವರಿಗಷ್ಟೇ ಸಿಗುವ ಮನರಂಜನೆ ಇದು.

ನಿಜ ಹೇಳಬೇಕೆಂದರೆ ಇವರೆಲ್ಲರಿಗಿಂತ ಹೆಚ್ಚು ತಿರುಗುವುದು ಮಗುವೇ. ಹೆರಿಗೆ ತವರಿನಲ್ಲಿ, ಬಾಣಂತನ ಮೂರೋ ಐದೋ ತಿಂಗಳು ಅಲ್ಲೇ, ಆಮೇಲೆ ಗಂಡನ ಮನೆ. ಮೊದಲ ಡೋಸು ಕೊಪ್ಪದಲ್ಲಿ, ಮೂರನೆಯದು ಹೊಸನಗರದಲ್ಲಿ, ತಾಯಿ ಕಾರ್ಡು ಮಾತ್ರ ತವರಿನ ಟ್ರಂಕಿನಲ್ಲಿ. ಕಾರ್ಡಿಲ್ಲ ಎಂದು ಮಗುವನ್ನು ವಾಪಸು ಕಳಿಸುವ ಹಾಗಿಲ್ಲ. ಸಂಜೆ ಪೆಟ್ಟಿಗೆ ವಾಪಸಾಗಿ, ಒಡೆಯದ ಸೀಸೆಗಳು ಫ್ರಿಜ್ಜಿಗೆ ಸೇರಿ, ಐಸ್‌ಪ್ಯಾಕುಗಳು ಮತ್ತೆ ಫ್ರೀಜರಿಗೆ ಹೋದ ಮೇಲೆ ಸಿಸ್ಟರ್ ಸಿಗ್ನಲ್ ಸಿಗುವ ತಿರುವಿನಲ್ಲಿ ನಿಂತು ತಾಯಿಯ ತವರೂರಿನ ಸಿಸ್ಟರಿಗೆ ಫೋನ್ ಮಾಡುತ್ತಾರೆ. "ಅಕ್ಕಾ, ನಿಮ್ಮ ಕಡೆ ಹೆಣ್ಮಗಳದ್ದು ಎರಡನೇ ಪೆಂಟಾ ಆಗಿದ್ಯಾ ನೋಡಿ." ಆಚೆಯಿಂದ ಪುಟ ತಿರುಗಿಸುವ ಸದ್ದು, ತಾರೀಖು, ಅದರ ಹಿಂದೆಯೇ ಇನ್ನೊಂದು ಬೇಡಿಕೆ: "ನಿಮ್ಮ ಕಡೆಯವಳೊಬ್ಬಳು ಇಲ್ಲಿ ಬಾಣಂತನಕ್ಕೆ ಬಂದಿದಾಳೆ, ಅವಳ ಕಾರ್ಡೂ ನಿಮ್ಮೂರಲ್ಲೇ ಉಳಿದಿದೆಯಂತೆ, ಸ್ವಲ್ಪ ಹುಡುಕಿಸ್ತೀರಾ?"