ಬಿಸಿ ಬಿಸಿ ಸೌತೆಕಾಯಿ

ನಮ್ಮ ಯಜಮಾನರ ಪಾಲಿಗೆ ಮೈಕ್ರೋವೇವ್ ಎರಡನೆಯ ಮನೆದೇವರು. ತಟ್ಟೆಗೆ ಬಿದ್ದದ್ದೆಲ್ಲ ಮೊದಲು ಅಲ್ಲಿ ನೈವೇದ್ಯವಾಗಿ ಬರಬೇಕು. ಆಗ ತಾನೇ ಒಲೆಯಿಂದ ಇಳಿಸಿದ ಉಪ್ಪಿಟ್ಟನ್ನೂ ಬೆರಳಿನಿಂದ ಮುಟ್ಟಿ, "ಸ್ವಲ್ಪ ಆರಿದೆ" ಎನ್ನುತ್ತಾರೆ. ಇಷ್ಟು ವರ್ಷ ಸಹಿಸಿಕೊಂಡೆ. ಮೊನ್ನೆ ಭಾನುವಾರ ಅವರು ಕೈಹಾಕಿದ್ದು ನನ್ನ ಪಾಸ್ತಾ ಸಲಾಡ್‌ಗೆ.

ಬೆಂಗಳೂರಿನ ಏಪ್ರಿಲ್ ಸೆಕೆಯಲ್ಲಿ ಮಟಮಟ ಮಧ್ಯಾಹ್ನ ಒಲೆಯ ಮುಂದೆ ಯಾರು ನಿಲ್ಲುತ್ತಾರೆ ಎಂದು ಬೆಳಗ್ಗೆಯೇ ಮಾಡಿಟ್ಟಿದ್ದೆ. ಬೇಯಿಸುವುದು ಕಷ್ಟವಲ್ಲ, ಆರಿಸುವುದೇ ಕೆಲಸ. ಬಿಸಿಯಾಗಿ ತಿನ್ನುವ ಪಾಸ್ತಾವನ್ನು ಬೆಂದ ಮೇಲೆ ತೊಳೆಯಬಾರದು, ಮೈಮೇಲಿನ ಗಂಜಿ ಹೋದರೆ ಸಾಸ್ ಹಿಡಿಯುವುದಿಲ್ಲ. ಸಲಾಡ್‌ಗಾದರೆ ತಣ್ಣೀರಿನಲ್ಲಿ ತೊಳೆಯಬೇಕು, ಇಲ್ಲವಾದರೆ ಅದೇ ಗಂಜಿ ಎಲ್ಲವನ್ನೂ ಒಂದೇ ಮುದ್ದೆ ಮಾಡುತ್ತದೆ. ನಿಂಬೆರಸ ಒಂದು ಪಾಲು, ಆಲಿವ್ ಎಣ್ಣೆ ಮೂರು ಪಾಲು. ಓರೆಗಾನೊ ಮಾತ್ರ ಪಿಜ್ಜಾದ ಜೊತೆ ಬಂದ ಪೊಟ್ಟಣಗಳದ್ದು. ಅವುಗಳನ್ನು ಎಸೆಯುವ ಮನೆ ಎಲ್ಲಾದರೂ ಇದ್ದರೆ ತಿಳಿಸಿ. ಸೌತೆಕಾಯಿಗೆ ಕೋಸಂಬರಿಯ ಕಟ್ಟಳೆಯೇ: ಬಡಿಸುವ ಹೊತ್ತಿಗೆ ಉಪ್ಪು, ಮೊದಲೇ ಹಾಕಿದರೆ ನೀರು ಬಿಡುತ್ತದೆ. ಕೊನೆಗೆ ಫ್ರಿಜ್ಜಿನಲ್ಲಿ ದೋಸೆ ಹಿಟ್ಟು, ಕಾಯಿ ಹೋಳು, ಪೂಜೆಯ ಹೂವಿನ ಪೊಟ್ಟಣಗಳನ್ನು ಒತ್ತರಿಸಿ ಜಾಗ ಮಾಡಿದ್ದೂ ಆಯಿತು.

ತಟ್ಟೆಗೆ ಬಡಿಸಿ ನೀರು ತರಲು ಹೋದೆ. ಅಷ್ಟರಲ್ಲಿ ಗುಂಯ್ ಎಂಬ ಸದ್ದು. ತಿರುಗಿ ನೋಡಿದರೆ ಗಾಜಿನ ಬಾಗಿಲಿನ ಹಿಂದೆ, ಹಳದಿ ದೀಪದ ಕೆಳಗೆ, ಸಲಾಡ್ ಪ್ರದಕ್ಷಿಣೆ ಹಾಕುತ್ತಿದೆ.

"ರೀ, ಅದನ್ನು ತಣ್ಣಗೆ ತಿನ್ನಬೇಕು!"

"ತಣ್ಣಗೇ ತಿನ್ನುವುದಾದರೆ ಬೇಯಿಸಿದ್ದು ಏಕೆ?"

ಇಟಲಿಯವರನ್ನು ಕರೆಸಿದರೂ ಈ ಪ್ರಶ್ನೆಗೆ ಉತ್ತರ ಸಿಗಲಾರದು. ಒಳಗಿನಿಂದ ಟಪ್ ಎಂದಿತು. ಒಂದು ಚೆರ್ರಿ ಟೊಮೆಟೊ ಸಿಡಿದು ಮೈಕ್ರೋವೇವಿನ ಸೂರಿಗೆ ಅಂಟಿಕೊಂಡಿತ್ತು. ಹೊರಬಂದ ತಟ್ಟೆಯಲ್ಲಿ ಸೌತೆಕಾಯಿ ಬಾಡಿ ಮಲಗಿತ್ತು. ಚೀಸ್ ತುಂಡುಗಳು ಕರಗಿ, ಚಮಚ ಎತ್ತಿದರೆ ನೂಲು ನೂಲಾಗಿ ಏಳುತ್ತಿದ್ದವು. ಅಡಿಯಲ್ಲಿ ಎಣ್ಣೆ ಮತ್ತು ತರಕಾರಿ ನೀರಿನ ಕೆರೆ. ಯಜಮಾನರು ಹಬೆಯನ್ನು ಊದಿಕೊಂಡು ಒಂದು ತುತ್ತು ತಿಂದರು. "ಈಗ ರುಚಿ ಬಂತು ನೋಡು."

"ಹಾಗಾದರೆ ಮೊಸರನ್ನವನ್ನೂ ಬಿಸಿ ಮಾಡಿಬಿಡಿ!" ಎಂದು ರೇಗಿದೆ. ಅವರು ತಕ್ಷಣ ಉತ್ತರಿಸದೆ ಯೋಚನೆಗೆ ಬಿದ್ದರು. ನನಗೆ ನಿಜವಾಗಿ ಹೆದರಿಕೆಯಾದದ್ದು ಆಗಲೇ.

ಅವರು ಬೆಳೆದದ್ದು ತೀರ್ಥಹಳ್ಳಿಯ ಕಡೆಯ ಮನೆಯಲ್ಲಿ. ಮಳೆಗಾಲದಲ್ಲಿ ಶಾಲೆಯಿಂದ ತೊಯ್ದು ಬರುವ ಮಗನಿಗಾಗಿ ಅತ್ತೆಯವರು ಸಾರಿನ ಪಾತ್ರೆಯನ್ನು ಕೆಂಡದ ಮೇಲೆಯೇ ಇಟ್ಟುಕೊಂಡು ಕಾಯುತ್ತಿದ್ದರಂತೆ. ಕೊನೆಯವರ ಊಟ ಮುಗಿಯುವವರೆಗೆ ಒಲೆ ಆರುತ್ತಿರಲಿಲ್ಲವಂತೆ. ಅತ್ತೆ ತೀರಿಕೊಂಡ ವರ್ಷವೇ ಯಜಮಾನರು ಈ ಮೈಕ್ರೋವೇವ್ ತಂದರು. ಇದು ಗೊತ್ತಿರುವುದರಿಂದಲೇ ಅದರ ವೈರನ್ನು ನಾನಿನ್ನೂ ಕತ್ತರಿಸಿಲ್ಲ.

ಆದರೂ ನ್ಯಾಯ ನ್ಯಾಯವೇ. ಕಾಲೇಜಿಗೆ ಹೋಗುವ ಮಗನನ್ನು ಪಂಚಾಯಿತಿಗೆ ಕರೆದೆ. ಅಪ್ಪನ ತಟ್ಟೆಯಿಂದ ಒಂದು ಚಮಚ, ನನ್ನದರಿಂದ ಒಂದು ಚಮಚ ಗಂಭೀರವಾಗಿ ತಿಂದ. ತೀರ್ಪು ಹೇಳದೆ ತನ್ನ ತಟ್ಟೆ ಎತ್ತಿಕೊಂಡು ಎದ್ದ.

"ಎಲ್ಲಿಗೆ?"

"ಮೂವತ್ತೇ ಸೆಕೆಂಡು, ಅಮ್ಮಾ."