ಒಂದು ರಾತ್ರಿಗೆ ನೂರು ಸಾಕ್ಷಿ

ಸಾಹೇಬರು ಹಾಡಿಗೆ, ಅಂದರೆ ಕಾಡಿನ ಬುಡಕಟ್ಟು ಜನರ ಊರಿಗೆ, ಬರುತ್ತಾರಂತೆ. ಸುಮ್ನೆ ಬಂದು ಹೋಗೋದಲ್ಲ, ರಾತ್ರಿ ಅಲ್ಲೇ ಮಲಗುತ್ತಾರಂತೆ. ನಾಗರಹೊಳೆ ಕಾಡಿನ ಜೇನುಕುರುಬರ ಹಾಡಿಗೆ ಇಂಥ ಸುದ್ದಿ ಮುಟ್ಟಿದರೆ ಸಾಕು, ತಾಲ್ಲೂಕು ಕಚೇರಿಗೆ ನಿದ್ದೆ ಇರುವುದಿಲ್ಲ.

'ಇದು ಹುಲಿ ಕಾಡು, ಒಂದು ಬುಟ್ಟಿ ಮಣ್ಣೂ ಹಾಕಂಗಿಲ್ಲ' ಎನ್ನುತ್ತಿದ್ದ ದಾರಿಗೆ ರಾತ್ರೋರಾತ್ರಿ ಜಲ್ಲಿ ಬೀಳುತ್ತದೆ. ಹುಲಿಗಳದ್ದೇನೂ ತಕರಾರಿಲ್ಲ, ಅವಕ್ಕೆ ಸಫಾರಿ ಜೀಪಿನ ಅಭ್ಯಾಸವಿದೆ. ಹಿಂದೆಯೇ ಜನರೇಟರ್, ಮಂಚ, ಸೊಳ್ಳೆಪರದೆ, ಮೊಬೈಲ್ ಟಾಯ್ಲೆಟ್. ಟಾಯ್ಲೆಟ್‌ಗೆ ಪೊಲೀಸ್ ಕಾವಲು. ಹಾಡಿಯವರು ಯಾರಾದರೂ ಬಳಸಿಬಿಟ್ಟರೆ?

ಹಾಡಿಗೆ ರಸ್ತೆ, ಕರೆಂಟು ಕೊಡೋದಕ್ಕೆ 2006ರ ಅರಣ್ಯ ಹಕ್ಕು ಕಾಯ್ದೆಯಲ್ಲೇ ದಾರಿಯಿದೆ. ಒಂದೊಂದಕ್ಕೂ 1 ಹೆಕ್ಟೇರ್‌ಗಿಂತ ಕಡಿಮೆ ಜಾಗ ಸಾಕಾಗಬೇಕು, ಹೆಕ್ಟೇರಿಗೆ 75ಕ್ಕಿಂತ ಜಾಸ್ತಿ ಮರ ಬೀಳಬಾರದು, ಗ್ರಾಮಸಭೆ ಶಿಫಾರಸು ಮಾಡಬೇಕು. ಇದರ ಫೈಲು ಓಡಾಡಿ ಓಡಾಡಿ ಮುದುಕನಾಗುತ್ತದೆ. ಜನರೇಟರ್‌ಗೆ ಫೈಲೂ ಬೇಡ, ಸಭೆಯೂ ಬೇಡ. ಅದು ಸಾಹೇಬರ ಜೊತೆ ಬಂದು ಸಾಹೇಬರ ಜೊತೆಗೇ ಹೋಗುತ್ತದೆ.

ಸಂಜೆ ಕುಣಿತ. ಕುಣಿಯೋ ಮನಸ್ಸಿದೆಯಾ ಅಂತ ಯಾರೂ ಕೇಳುವುದಿಲ್ಲ. ಸಾಹೇಬರೂ ಎರಡು ಹೆಜ್ಜೆ ಹಾಕುತ್ತಾರೆ, ಕ್ಯಾಮೆರಾ ಕಡೆ ಮುಖ ಮಾಡಿ. ಆಮೇಲೆ ನೆಲದ ಮೇಲೆ ಕೂತು ಮುದ್ದೆ ಮುರಿಯುತ್ತಾರೆ. ಮೊದಲ ತುತ್ತಿನ ಫೋಟೊ ಸರಿ ಬರದಿದ್ದರೆ ಅದೇ ತುತ್ತನ್ನು ಇನ್ನೊಮ್ಮೆ ಎತ್ತುತ್ತಾರೆ.

"ಏನಪ್ಪಾ ಯಜಮಾನ, ಕಾಡಿನ ಜಾಗದ ಹಕ್ಕುಪತ್ರ ಬಂತಾ?"

"ಇಲ್ಲ ಸ್ವಾಮಿ. ಇಲ್ಲೇ ಇದ್ದಿದ್ದಕ್ಕೆ ದಾಖಲೆ ಕೇಳ್ತಾರೆ."

ಪಕ್ಕದ ಅಧಿಕಾರಿ ತಲೆಯಾಡಿಸುತ್ತಾರೆ. ಹಿರಿಯರ ಹೇಳಿಕೆ, ಸಮಾಧಿ, ಹಳೇ ಬಾವಿ ಎಲ್ಲವೂ ಸಾಕ್ಷಿಯೇ ಎಂದು ಅರಣ್ಯ ಹಕ್ಕು ಕಾಯ್ದೆಯ ನಿಯಮದಲ್ಲಿ ಬರೆದಿದೆ. ಇರಲಿ ಬಿಡಿ, ಸಮಾಧಿಯನ್ನು ಜೆರಾಕ್ಸ್ ಮಾಡೋಕಾಗುತ್ತಾ? 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಈ ಜನರಲ್ಲಿ ಎಷ್ಟೋ ಮಂದಿಯನ್ನು ಕಾಡಿನಿಂದ ಎಬ್ಬಿಸಿದ್ದೂ ಸರ್ಕಾರವೇ, ಕಾಡಲ್ಲಿದ್ದಿರಿ ಅನ್ನೋದಕ್ಕೆ ಏನು ಪುರಾವೆ ಅನ್ನೋದೂ ಸರ್ಕಾರವೇ. ಎಬ್ಬಿಸುವಾಗ ಅಲ್ಲಿ ಯಾರೂ ಇರಲಿಲ್ಲವೇನೋ.

ಸಾಹೇಬರ ವಾಸ ಮಾತ್ರ ಹಾಗಲ್ಲ. ಮಲಗಿದ್ದಕ್ಕೆ ಫೋಟೊ, ಎದ್ದಿದ್ದಕ್ಕೆ ವಿಡಿಯೊ, ಹಲ್ಲುಜ್ಜಿದ್ದಕ್ಕೆ ಪತ್ರಿಕಾ ಪ್ರಕಟಣೆ, ಮುದ್ದೆಗೂ ಒಂದು ವೋಚರ್. ಈ ಲೆಕ್ಕದಲ್ಲಿ ಮೊದಲ ಹಕ್ಕುಪತ್ರ ಅವರಿಗೇ ಸಿಗಬೇಕು. ತೊಡಕು ಒಂದೇ. ಅರಣ್ಯ ಹಕ್ಕು ಕಾಯ್ದೆ ಕೇಳೋದು 2005ರ ಡಿಸೆಂಬರ್ 13ಕ್ಕೆ ಮೊದಲಿನ ವಾಸ. ಒಂದು ಹಳೇ ತಾರೀಖಿನ ವೋಚರ್ ಹುಟ್ಟಿಸೋದು ಕಚೇರಿಗೇನು ಕಷ್ಟ, ಅಲ್ವಾ?