ಬಿಸಿಯಾದಾಗ ಮಾತ್ರ ಬರುವ ಕಾಯಿಲೆ

ಹಳೇ ಬೈಕುಗಳಿಗೆ ಒಂದು ವಿಚಿತ್ರ ಕಾಯಿಲೆ ಇದೆ. ಬೆಳಿಗ್ಗೆ ಮೈ ತಣ್ಣಗಿರುವಾಗ ಚೋಕ್ ಎಳೆದು ಒಂದು ಕಿಕ್ ಹೊಡೆದರೆ ಸಾಕು, ಓಣಿಯವರೆಲ್ಲ ಏಳುವ ಹಾಗೆ ಸ್ಟಾರ್ಟ್ ಆಗುತ್ತದೆ. ಎಷ್ಟು ದೂರ ಓಡಿಸಿದರೂ ಒಂದು ಸಲ ಕೆಮ್ಮುವುದಿಲ್ಲ. ಆದರೆ ಟೀ ಕುಡಿಯೋಣ ಅಂತ ಹತ್ತು ನಿಮಿಷ ಆಫ್ ಮಾಡಿದಿರೋ, ಮುಗಿಯಿತು. ಕಾಲು ಸೋಲುವವರೆಗೆ ಒದ್ದರೂ ಉಸಿರೆತ್ತುವುದಿಲ್ಲ. ಪೆಟ್ರೋಲ್ ಬಂಕಿನಲ್ಲಂತೂ ಮಾನ ಹೋಗುತ್ತದೆ. ಹಿಂದಿನ ಗಾಡಿಗಳೆಲ್ಲ ಹಾರ್ನ್ ಹೊಡೆಯುತ್ತಿರುತ್ತವೆ, ಬಂಕಿನ ಹುಡುಗ 'ಸೈಡಿಗೆ ಹಾಕ್ಕೊಳ್ಳಿ ಸಾರ್' ಅನ್ನುತ್ತಾನೆ, ನಾವು ಹೆಲ್ಮೆಟ್ಟಿನೊಳಗೇ ಮುಖ ಮರೆಸಿಕೊಂಡು ತಳ್ಳಬೇಕು.

ನಮ್ಮ ಮನೆಯ ಬೈಕಿಗೂ ಇದೇ ಇತ್ತು. ಕಂಪನಿಯ ಹೆಸರು ಬೇಡ ಬಿಡಿ. ನಲವತ್ತರ ಹತ್ತಿರ ಬಂದಿರುವ ಗಾಡಿ, ಪ್ಲಗ್ಗಿಗೆ ಕಿಡಿ ಕೊಡಲು ಪಾಯಿಂಟು-ಕಾಯಿಲ್ ಇದ್ದ ಕಾಲದ್ದು. ಆ ವಯಸ್ಸಿಗೆ ಯಾವ ಬೈಕಾದರೂ ಏನಾದರೂ ಒಂದು ಹಠ ಹಿಡಿದೇ ಹಿಡಿಯುತ್ತದೆ.

ಈ ಕಾಯಿಲೆಯ ಕಿಲಾಡಿತನ ಏನೆಂದರೆ, ಇದು ಮೆಕ್ಯಾನಿಕ್ ಮುಂದೆ ಕಾಣಿಸಿಕೊಳ್ಳುವುದೇ ಇಲ್ಲ. ಗ್ಯಾರೇಜಿನವರೆಗೆ ಬೆವರು ಸುರಿಸಿಕೊಂಡು ತಳ್ಳುವಷ್ಟರಲ್ಲಿ ನಾವು ಬಿಸಿ, ಎಂಜಿನ್ ತಣ್ಣಗೆ. ಅವನು ಬಂದು, ಚಪ್ಪಲಿ ಕಾಲಿನಲ್ಲೇ ಸುಮ್ನೆ ಒಂದು ಒದೆ ಕೊಡುತ್ತಾನೆ. ಗುಡುಗುಡು ಅಂತ ಸ್ಟಾರ್ಟ್. 'ಏನೂ ಆಗಿಲ್ವಲ್ಲ ಸಾರ್?' ಆ ನೋಟದಲ್ಲಿ ಬೈಕಿನ ಬಗ್ಗೆ ಅನುಮಾನ ಇರುವುದಿಲ್ಲ, ನಮ್ಮ ಬಗ್ಗೆ ಇರುತ್ತದೆ.

ಇನ್ನು ದಾರಿಯಲ್ಲಿ ಸಿಗುವ ಸಲಹೆಗಳು. ನಿಂತ ಬೈಕಿನ ಹತ್ತಿರ ನಮ್ಮೂರಲ್ಲಿ ಯಾರೂ ಸುಮ್ಮನೆ ಹಾದುಹೋಗುವುದಿಲ್ಲ. ಒಬ್ಬರು ಬೈಕನ್ನು ಎಡಕ್ಕೆ ಮಲಗಿಸಿ ಎತ್ತಿ ಅನ್ನುತ್ತಾರೆ. ಇನ್ನೊಬ್ಬರು ಟ್ಯಾಂಕಿನ ಮುಚ್ಚಳ ತೆಗೆದು ಬಾಯಿಂದ ಗಾಳಿ ಊದುತ್ತಾರೆ. ಚೋಕ್ ಎಳೀರಿ ಅಂತ ಒಬ್ಬರು, ಎಳೀಲೇಬೇಡಿ ಅಂತ ಇನ್ನೊಬ್ಬರು. ಎಂಜಿನ್ ಮೇಲೆ ಒಂದು ಚೊಂಬು ನೀರು ಹಾಕಿ ಅನ್ನುವ ಧೀರರೂ ಇದ್ದಾರೆ. ದಯವಿಟ್ಟು ಅದೊಂದು ಮಾತು ಕೇಳಬೇಡಿ, ಕಾದ ಲೋಹ ಬಿರುಕು ಬಿಟ್ಟರೆ ಕಿಕ್ ಹೊಡೆಯುವ ಪ್ರಮೇಯವೇ ಇರುವುದಿಲ್ಲ. ಹೀಗೆ ಒಬ್ಬೊಬ್ಬರೂ ಒಂದೊಂದು ಮಾಡಿ, ಒಂದೊಂದು ಸುತ್ತು ಒದ್ದು, ಇಪ್ಪತ್ತು ನಿಮಿಷ ಕಳೆಯುತ್ತದೆ. ಆಮೇಲೆ ಯಾರೋ ಒಬ್ಬರು ಪ್ಲಗ್ಗಿನ ಕ್ಯಾಪನ್ನು ಬರೀ ಮುಟ್ಟಿ ಒದೆಯುತ್ತಾರೆ, ಸ್ಟಾರ್ಟ್ ಆಗಿಬಿಡುತ್ತದೆ! ಕೀರ್ತಿಯೆಲ್ಲ ಅವರಿಗೆ. ನಿಜವಾಗಿ ರಿಪೇರಿ ಮಾಡಿದ್ದು ಆ ಇಪ್ಪತ್ತು ನಿಮಿಷ. ಹಳೇ ಬೈಕಿನ ವೈದ್ಯಶಾಸ್ತ್ರದ ಅರ್ಧಕ್ಕರ್ಧ ಹೀಗೇ ಹುಟ್ಟಿದ್ದು ಅಂತ ನನಗೆ ಗುಮಾನಿ.

ಹಾಗಂತ ಆ ಸಲಹೆಗಳೆಲ್ಲ ಬುರುಡೆಯಲ್ಲ. ಬೈಕ್ ಓಡುವಾಗ ಗಾಳಿ ಹೊಡೆದು ಎಂಜಿನ್ ತಣಿಯುತ್ತಿರುತ್ತದೆ. ನಿಲ್ಲಿಸಿದ ಕೂಡಲೇ ಗಾಳಿ ನಿಂತಿತು, ಸಿಲಿಂಡರಿನ ಕಾವೆಲ್ಲ ಪಕ್ಕದಲ್ಲಿರುವ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬರೇಟರಿಗೆ ಏರುತ್ತದೆ. ಅದಕ್ಕೇ ಎರಡು ನಿಮಿಷ ನಿಲ್ಲಿಸಿದರೆ ಸ್ಟಾರ್ಟ್ ಆಗುವ ಗಾಡಿ ಹತ್ತು ನಿಮಿಷ ನಿಲ್ಲಿಸಿದರೆ ಆಗುವುದಿಲ್ಲ. ಪೆಟ್ರೋಲಿನಲ್ಲಿರುವ ಹಗುರ ಅಂಶಗಳು 40 ಡಿಗ್ರಿ ಆಸುಪಾಸಿನಲ್ಲೇ ಕುದಿಯಲು ಶುರು ಮಾಡುತ್ತವೆ, ನಮ್ಮ ಏಪ್ರಿಲ್ ಬಿಸಿಲಿಗೆ ಅದೇನು ದೊಡ್ಡ ಲೆಕ್ಕ? ಕಾರ್ಬರೇಟರಿಗೆ ಬರುವ ಪೆಟ್ರೋಲನ್ನು ತಡೆದು ನಿಲ್ಲಿಸುವ ಫ್ಲೋಟಿನ ಸೂಜಿ ಸವೆದಿದ್ದರೆ ಪೆಟ್ರೋಲ್ ತಾನಾಗೇ ಉಕ್ಕಿ ಒಳಗಿಳಿಯುತ್ತದೆ. ಆಗ ಚೋಕ್ ಎಳೆದರೆ ಮುಳುಗುತ್ತಿರುವವನಿಗೆ ನೀರು ಕುಡಿಸಿದ ಹಾಗೆ. ಚೋಕ್ ಮುಟ್ಟದೆ, ಎಕ್ಸಲರೇಟರ್ ಪೂರ್ತಿ ತಿರುಗಿಸಿ ಹಿಡಿದು ನಿಧಾನಕ್ಕೆ ನಾಲ್ಕಾರು ಸಲ ಒದ್ದರೆ ಜಾಸ್ತಿಯಾಗಿದ್ದ ಪೆಟ್ರೋಲ್ ಹೊರಗೆ ಹೋಗಿ ಎಂಜಿನ್ ಎದ್ದುಕೊಳ್ಳಬಹುದು. ಮುಚ್ಚಳದ ಕಥೆಯೂ ನಿಜವೇ. ಅದರಲ್ಲಿರುವ ಸಣ್ಣ ತೂತು ಕಟ್ಟಿಕೊಂಡರೆ ಟ್ಯಾಂಕಿನೊಳಗೆ ಗಾಳಿ ಹೋಗದೆ ಪೆಟ್ರೋಲ್ ಇಳಿಯುವುದಿಲ್ಲ, ಮುಚ್ಚಳ ತೆಗೆದಾಗ ಸುಸ್ ಅಂತ ಸದ್ದು ಬರುತ್ತದೆ. ಆದರೆ ಅಂಥ ಗಾಡಿ ಸಾಮಾನ್ಯವಾಗಿ ಓಡುತ್ತಿರುವಾಗಲೇ ನಿಂತುಬಿಡುತ್ತದೆ, ಟೀ ಕುಡಿದು ಬರುವವರೆಗೆ ಕಾಯುವುದಿಲ್ಲ.

ಫೋರ್ ಸ್ಟ್ರೋಕ್ ಆದರೆ ಟ್ಯಾಪೆಟ್, ಅಂದರೆ ವಾಲ್ವಿನ ತುದಿಗೆ ಬಿಡುವ ಸಣ್ಣ ಸಂದು, ಬಿಗಿಯಾಗಿದೆಯಾ ನೋಡಬೇಕು. ಕಾದಾಗ ವಾಲ್ವ್ ಉದ್ದವಾಗಿ ಪೂರ್ತಿ ಮುಚ್ಚುವುದಿಲ್ಲ, ಕಂಪ್ರೆಷನ್ ಸೋರಿಹೋಗುತ್ತದೆ. ಕಿಕ್ಕರ್ ಕಾಲಿಗೆ ಬೆಣ್ಣೆಯಂತೆ ಸಲೀಸಾಗಿ ಇಳಿದರೆ ಖುಷಿಪಡಬೇಡಿ.

ಇಷ್ಟೊಂದು ದಾರಿಗಳಿರುವಾಗ ಕಳ್ಳನನ್ನು ಹಿಡಿಯುವುದು ಹೇಗೆ? ಬಿಸಿಯಲ್ಲೇ ಹಿಡಿಯಬೇಕು. ಬೇರೆ ದಾರಿಯಿಲ್ಲ. ಮೈಸೂರಿನಲ್ಲಿ ಇದನ್ನು ಬಲ್ಲ ಹಳಬರು ಇನ್ನೂ ಇದ್ದಾರೆ. 1961ರಿಂದ 1996ರವರೆಗೆ ಐಡಿಯಲ್ ಜಾವಾ ಕಾರ್ಖಾನೆ ಜಾವಾ, ಯೆಜ್ಡಿ ತಯಾರಿಸಿದ ಊರು ಅದು. ಕಿಕ್ ಹೊಡೆಯುವ ಲಿವರನ್ನೇ ಮುಂದಕ್ಕೆ ತಿರುಗಿಸಿ ಗೇರ್ ಹಾಕುವ ಗಾಡಿಗಳನ್ನು ಬಿಚ್ಚಿ ಜೋಡಿಸಿ ಬೆಳೆದವರಿಗೆ ನಮ್ಮ ಬೈಕು ಯಾವ ಲೆಕ್ಕ. ಅಂಥವರೊಬ್ಬರ ಬಳಿ ಹೋದಾಗ ಅವರು ಸ್ಪ್ಯಾನರ್ ಕೈಗೆ ತಗೊಳ್ಳಲೇ ಇಲ್ಲ. 'ಈಗ ಬೇಡ. ನಾಳೆ ಮಧ್ಯಾಹ್ನ ನಂಜನಗೂಡಿನ ತನಕ ಹೊಡ್ಕೊಂಡು ವಾಪಸ್ ಬನ್ನಿ. ಎಲ್ಲೂ ಆಫ್ ಮಾಡಬೇಡಿ, ನನ್ನ ಮುಂದೆ ಬಂದು ಆಫ್ ಮಾಡಿ' ಅಂದರು.

ಹಾಗೇ ಮಾಡಿದೆ. ಅವರು ಬೈಕನ್ನು ಬಿಸಿಲಲ್ಲೇ ನಿಲ್ಲಿಸಿ, ತಾವು ನೆರಳಲ್ಲಿ ಕೂತು ಬೀಡಿ ಮುಗಿಸಿ ಆರಿಸಿದರು. ಆಮೇಲೆ ಒದ್ದರು. ಇಲ್ಲ. ಮುಖದಲ್ಲಿ ಎಂಥ ತೃಪ್ತಿ ಅಂತೀರಿ! ಬಟ್ಟೆ ಸುತ್ತಿಕೊಂಡು ಸುಡುತ್ತಿದ್ದ ಪ್ಲಗ್ ಬಿಚ್ಚಿದರು. ತುದಿ ಒದ್ದೆಯಾಗಿತ್ತು. ಅಂದರೆ ಪೆಟ್ರೋಲ್ ಬರುತ್ತಿದೆ, ಉರಿಯುತ್ತಿಲ್ಲ. ಒರೆಸಿ, ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ತೂತಿನಿಂದ ದೂರಕ್ಕೆ ಎಂಜಿನ್ನಿನ ಲೋಹಕ್ಕೆ ಒತ್ತಿ ಹಿಡಿದು ಒದೆಯಲು ಹೇಳಿದರು. ಕೈ ಅಡ್ಡ ಹಿಡಿದು ನೆರಳು ಮಾಡಿದರೂ ಕಿಡಿ ಕಾಣಿಸಿದ್ದು ಕಷ್ಟದಲ್ಲಿ. ನೀಲಿಯಾಗಿ ಚಟ್ ಅನ್ನಬೇಕಾದದ್ದು ಹಳದಿಯಾಗಿ, ದಾರದ ಎಳೆಯಷ್ಟು ತೆಳ್ಳಗೆ, ಬೇಕೋ ಬೇಡವೋ ಅನ್ನುವಂತೆ ಬರುತ್ತಿತ್ತು. 'ಕರೆಂಟ್ ವೀಕು' ಅಂದರು.

ಮೊದಲು ಒದ್ದೆ ಬಟ್ಟೆಯನ್ನು ಕಾಯಿಲಿಗೆ ಸುತ್ತಿ ನೋಡಿದರು. ಕಾಯಿಲ್ ಬಿಸಿಯಾದಾಗ ಒಳಗಿನ ತಾಮ್ರದ ತಂತಿ ಕರೆಂಟಿಗೆ ಒಡ್ಡುವ ಅಡ್ಡಿ ಏರುತ್ತದೆ, 100 ಡಿಗ್ರಿ ಏರಿದರೆ ಸುಮಾರು ಶೇ. 40ರಷ್ಟು. ಹಳೇ ಇನ್ಸುಲೇಷನ್ ಬೇರೆ ಸೋರತೊಡಗುತ್ತದೆ. ತಣ್ಣಗಾದ ಮೇಲೆ ಕಿಡಿ ಸರಿಯಾದರೆ ಕಾಯಿಲೇ ಕಳ್ಳ. ಸರಿಯಾಗಲಿಲ್ಲ. ಆಮೇಲೆ ಕಾಯಿಲಿನ ಕರೆಂಟನ್ನು ಕೂಡಿಸಿ ಬಿಡಿಸುವ ಪಾಯಿಂಟಿನ ಮುಚ್ಚಳ ತೆಗೆದರು. ಒಂದು ಕಡೆ ಸಣ್ಣ ಗುಳಿ, ಇನ್ನೊಂದು ಕಡೆ ಗುಬುಟು. ಉಪ್ಪುಕಾಗದದಲ್ಲಿ ತಿಕ್ಕುತ್ತಾ, ಪಕ್ಕದಲ್ಲಿದ್ದ ತಗಡಿನ ಪುಟ್ಟ ಕೊಳವೆಯನ್ನು ಗಲ್ಲದಿಂದಲೇ ತೋರಿಸಿದರು. ಕಂಡೆನ್ಸರ್.

ಹೆಬ್ಬೆರಳಿನ ಅರ್ಧದಷ್ಟೂ ಇಲ್ಲದ ಸಾಮಾನು. ಪಾಯಿಂಟ್ ಬಿಡುವ ಕ್ಷಣದಲ್ಲಿ ಅಲ್ಲೇ ಕಿಡಿ ಹಾರಿ ವ್ಯರ್ಥವಾಗದಂತೆ ಕರೆಂಟನ್ನು ತನ್ನೊಳಗೆ ಎಳೆದುಕೊಳ್ಳುವುದು ಇದರ ಕೆಲಸ. ಆಗಲೇ ಕಾಯಿಲಿನಲ್ಲಿ ಹತ್ತು ಸಾವಿರ ವೋಲ್ಟಿಗೂ ಮೇಲೆ ಎದ್ದು ಪ್ಲಗ್ಗಿನಲ್ಲಿ ಒಳ್ಳೇ ಕಿಡಿ ಬರುವುದು. ಒಳಗಿರುವುದು ತೆಳು ಹಾಳೆಗಳ ಸುರುಳಿ. ಹಳತಾದ ಮೇಲೆ ಬಿಸಿ ತಾಗಿದರೆ ಸೋರುತ್ತದೆ, ತಣ್ಣಗಾದರೆ ಮಳ್ಳಿಯ ಹಾಗೆ ಸರಿಯಾಗಿರುತ್ತದೆ. ಬ್ಯಾಟರಿ, ಕಾಯಿಲ್, ಪಾಯಿಂಟ್ ಸೇರಿಸಿದ ಈ ಏರ್ಪಾಟನ್ನು 1910ರ ಹೊತ್ತಿಗೆ ಕಾರುಗಳಿಗೆ ತಂದವನು ಅಮೆರಿಕದ ಚಾರ್ಲ್ಸ್ ಕೆಟರಿಂಗ್. ಸ್ವಲ್ಪ ದಿನಕ್ಕೇ ಕಾರಿಗೆ ಸೆಲ್ಫ್ ಸ್ಟಾರ್ಟರನ್ನೂ ತಂದವನು ಅವನೇ, 1912ರ ಕ್ಯಾಡಿಲಾಕ್‌ಗೆ. ಆ ಎರಡನೇದು ನಮ್ಮ ಬೈಕಿನ ತನಕ ಬರಲಿಲ್ಲ, ಅಷ್ಟೇ.

ಹೊಸ ಕಂಡೆನ್ಸರ್ ಹಾಕಿ, ಪಾಯಿಂಟ್ ಗ್ಯಾಪ್ ಸರಿಮಾಡಿ, ಬೈಕಿನ ಬಿಸಿ ಆರುವ ಮೊದಲೇ ಒದ್ದರು. ಸ್ಟಾರ್ಟ್ ಆಯಿತು. ಅಷ್ಟಕ್ಕೇ ನಂಬಲಿಲ್ಲ ಅವರು. ಅದಕ್ಕೇ ನನಗೆ ಆ ಮನುಷ್ಯನ ಮೇಲೆ ಜಾಸ್ತಿ ಗೌರವ. ಮತ್ತೆ ಒಂದು ಸುತ್ತು ಕಳಿಸಿದರು, ಮತ್ತೆ ಬಿಸಿಲಲ್ಲಿ ನಿಲ್ಲಿಸಿದರು, ಮತ್ತೊಂದು ಬೀಡಿ. ಪ್ಲಗ್ಗು, ಕಾಯಿಲು, ಕಾರ್ಬರೇಟರು ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿ ದೊಡ್ಡ ಬಿಲ್ ಮಾಡಬಹುದಿತ್ತು, ನಾನು ಕೊಟ್ಟೂ ಬಿಡುತ್ತಿದ್ದೆ. ಆದರೆ ಯಾವುದು ಕೆಟ್ಟಿತ್ತು ಅಂತ ಇಬ್ಬರಿಗೂ ಗೊತ್ತಾಗುತ್ತಿರಲಿಲ್ಲ, ಅಲ್ವಾ?

ಹೊರಡುವಾಗ ಇನ್ನೊಂದು ಕಂಡೆನ್ಸರ್ ಕೈಗಿಟ್ಟರು. 'ಈಗ ಬರ್ತಿರೋ ಮಾಲು ನಂಬೋ ಹಾಗಿಲ್ಲ ಸಾರ್. ಟೂಲ್ ಬಾಕ್ಸಲ್ಲಿ ಇಟ್ಕೊಂಡಿರಿ' ಅಂದರು. 'ಇದೂ ಅದೇ ಮಾಲಲ್ವಾ?' ಅಂದೆ. 'ಹೂಂ, ಅದಕ್ಕೇ ಎರಡು' ಅಂದರು.